ಕಪ್ಪುಬಿಳುಪಿನ ಯಜ್ಞೇಶಣ್ಣ

ಕತಾರಿನ ದೋಹಾದ ಅಲ್ ಮುಂತಜಾ ಬಡಾವಣೆಯಲ್ಲಿ ಡಿವಿಡಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ ಉಡುಪಿಯ ಯಜ್ಞೇಶಣ್ಣನಿಗೆ ಹೊಸ ಹಿಂದಿ ಸಿನಿಮಾ ಕೇಳುವವರೆಂದರೆ ಅಷ್ಟಕ್ಕಷ್ಟೆ. ಎದುರಿನ ಕಪಾಟನ್ನೆಲ್ಲ ಅವರು ಬ್ರಿಟನ್ನಿನ ಹಳೆಯ ಕಪ್ಪುಬಿಳುಪು ಅಪರಾಧ ಚಿತ್ರಗಳಿಗೇ ಬಿಟ್ಟುಕೊಟ್ಟಿದ್ದರು. ಹೊರಗೆ ನಲವತ್ತೈದು ಡಿಗ್ರಿ ಬಿಸಿಲಿದ್ದರೂ ಲಂಡನ್ನಿನ ಮಂಜಿನ ಮಾತು ಬಂದರೆ ಚಳಿಯಾದವರಂತೆ ಅಂಗಿಯ ಕಾಲರ್ ಎತ್ತಿಕೊಳ್ಳುತ್ತಿದ್ದರು. "ಇದೆಲ್ಲ ಅಮೆರಿಕದ ಕಾಪಿ ಅಲ್ವಾ?" ಎಂದು ಯಾರಾದರೂ ಕೇಳಿದರೆ ಮುಗಿಯಿತು. "ಎಂಥ ಕಾಪಿ ಮಾರಾಯ್ರೆ! ಯುದ್ಧದಲ್ಲಿ ಬಾಂಬು ಬಿದ್ದ ಊರು, ರೇಷನ್ನು, ಕಾಳಸಂತೆ, ಅಗ್ಗದ ಪತ್ತೇದಾರಿ ಪುಸ್ತಕ, ಎಲ್ಲ ಸೇರಿ ಹುಟ್ಟಿದ್ದು ಇದು. ಬ್ರಿಟನ್ನಿನ ಈಗಿನ ಗ್ಯಾಂಗ್‌ಸ್ಟರ್ ಸಿನಿಮಾಗಳೆಲ್ಲ ಇದರ ಮೊಮ್ಮಕ್ಕಳು. ಖಲಾಸ್!" ಒಂದು ಮಧ್ಯಾಹ್ನ ಅಂಗಡಿಯ ಟಿವಿಯಲ್ಲಿ ಅಂಥದ್ದೊಂದು ಚಿತ್ರ ಓಡುತ್ತಿದ್ದಾಗ, ಒಳಗೆ ಬಂದ ವಯಸ್ಸಾದ ಇಂಗ್ಲಿಷಿನವರೊಬ್ಬರು ನಿಂತಲ್ಲೇ ನಿಂತರು. ಕೊಲೆಗಾರ ಓಡುತ್ತಿದ್ದ ಮುರುಕು ಬೀದಿಯನ್ನು ತೋರಿಸಿ, "ನಾನು ಹುಟ್ಟಿದ ಬೀದಿ ಇದು. ಆ ಮೂರನೆಯದು ನಮ್ಮ ಮನೆ. ಆಮೇಲೆ ಎಲ್ಲ ಕೆಡವಿದರು. ನನ್ನ ಹತ್ತಿರ ಒಂದು ಫೋಟೊ ಕೂಡ ಇಲ್ಲ" ಎಂದರು. ಯಜ್ಞೇಶಣ್ಣ ಆ ಬೀದಿ ತೆರೆಯ ಮೇಲೆಯೇ ಇರುವಂತೆ ಚಿತ್ರವನ್ನು ನಿಲ್ಲಿಸಿ ಅವರಿಗೆ ಕುರ್ಚಿ ಕೊಟ್ಟರು. ಎಷ್ಟೋ ಹೊತ್ತು ಅದನ್ನೇ ನೋಡಿ ಆ ಹಿರಿಯರು ಎದ್ದಾಗ, ಆ ಬೀದಿಯನ್ನು ತಾವೇ ಕಾದಿಟ್ಟವರ ಹೆಮ್ಮೆಯಿಂದ ಯಜ್ಞೇಶಣ್ಣ ಡಿಸ್ಕನ್ನು ಅವರ ಕೈಗಿತ್ತು ಹೇಳಿದರು: "ವಾಪಸ್ ತರುವುದು ಬೇಡ ಸರ್. ನಿಮ್ಮ ಮನೆ, ನೀವೇ ಇಟ್ಟುಕೊಳ್ಳಿ."