ವಾಸಂತಿ ಟೀಚರ್ ಮತ್ತು ನಾಲ್ಕು ಮೋಟಾರು

ವಾಸಂತಿ ಟೀಚರ್ ಬೋರ್ಡಿನ ಮೇಲೆ ತಪ್ಪು ಬರೆದರೆ ಅಳಿಸುತ್ತಿರಲಿಲ್ಲ. ಅದರ ಮೇಲೊಂದು ಅಡ್ಡಗೆರೆ ಎಳೆದು, ಪಕ್ಕದಲ್ಲೇ ಸರಿಯಾದದ್ದನ್ನು ಬರೆದು ಮುಂದೆ ಹೋಗುತ್ತಿದ್ದರು. ಗಂಟೆ ಹೊಡೆಯುವ ಹೊತ್ತಿಗೆ ಬೋರ್ಡು ಕೋಳಿ ಕೆದರಿದ ಅಂಗಳದಂತೆ ಆಗಿರುತ್ತಿತ್ತು. ಕೇಳಿದರೆ, "ಇರ್ಲಿ ಮಾರಾಯ್ತಿ, ನಾನು ಎಲ್ಲಿ ಬಿದ್ದೆ ಅಂತ ನಿಮಗೂ ಕಾಣ್ಬೇಕಲ್ವಾ?" ಎನ್ನುತ್ತಿದ್ದರು. ಮುಂದಿನ ಪಿರಿಯಡಿನ ಮೇಷ್ಟ್ರು ಗೊಣಗುತ್ತ ಒರೆಸುತ್ತಿದ್ದರು.

ಇನ್ನಂಜೆ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಉದ್ಯಾವರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು; ಕೊಡೆ, ಬುತ್ತಿ, ಸ್ಕ್ರೂಡ್ರೈವರ್ ಎಲ್ಲವೂ ಒಂದೇ ಚೀಲದಲ್ಲಿ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ದುಬೈಯಲ್ಲಿ ವ್ಯಾಪಾರ ಮಾಡುವ ಹಳೆ ವಿದ್ಯಾರ್ಥಿಯೊಬ್ಬರು ರೋಬೋಟ್ ಕಟ್ಟುವ ಸಾಮಾನಿನ ಪೆಟ್ಟಿಗೆಯೊಂದನ್ನು ಶಾಲೆಗೆ ಕಳಿಸಿದರು. ಮಣಿಪಾಲದಲ್ಲಿ ನಡೆಯುವ ಶಾಲಾ ರೋಬೋಟ್ ಸ್ಪರ್ಧೆಯಲ್ಲಿ ಒಂದು ಪಂದ್ಯವಾದರೂ ಗೆದ್ದರೆ ಪೆಟ್ಟಿಗೆ ನಮ್ಮದು, ಇಲ್ಲದಿದ್ದರೆ ಬೇರೆ ಶಾಲೆಗೆ ಎಂಬ ಮಾತೂ ಅದರ ಜೊತೆಗೇ ಬಂತು. ಟೀಚರ್ ನಮ್ಮ ತರಗತಿಯ ಕೆಲವರನ್ನು ಆರಿಸಿ ತಂಡ ಕಟ್ಟಿದರು. ರೋಬೋಟ್ ಗಾಡಿಯನ್ನು ಓಡಿಸುವ ರಿಮೋಟು ನನ್ನ ಕೈಗೆ ಬಂತು.

ಪಂದ್ಯದಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಚೆಂಡು ಎತ್ತಿ ಹಾಕಬೇಕು; ನಿಯಮದ ಪ್ರಕಾರ ಒಂದು ರೋಬೋಟಿಗೆ ಒಟ್ಟು ಎಂಟೇ ಮೋಟಾರು. ಚಕ್ರಕ್ಕೆ ಹೆಚ್ಚು ಕೊಟ್ಟರೆ ಚೆಂಡು ಎತ್ತುವ ಕೈಗೆ ಕಡಿಮೆ. ಟೀಚರ್ ಲೆಕ್ಕ ಹಾಕಿ ಮೊದಲ ದಿನವೇ ಹೇಳಿಬಿಟ್ಟರು: "ಚಕ್ರಕ್ಕೆ ಆರು. ಎದುರಿನ ಗಾಡಿ ಬಂದು ಒತ್ತಿದ್ರೆ ನಾಲ್ಕು ಮೋಟಾರು ಬಿಸಿಯಾಗಿ ಮಲಗ್ತದೆ. ಗಾಡಿ ನಿಂತ ಮೇಲೆ ಕೈ ಇದ್ದು ಎಂತ ಮಾಡ್ಲಿಕ್ಕುಂಟು?" ಹಾಗೆಯೇ ಕಟ್ಟಿದೆವು. ವೆರಾಂಡದಲ್ಲಿ ಅದು ಟೀಚರ ಸ್ಕೂಟರನ್ನೇ ದೂಡಿತು. ಅವರು ಚಪ್ಪಾಳೆ ತಟ್ಟಿ ನಕ್ಕರು.

ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವ ಬಂತು. ಮುಖ್ಯ ಅತಿಥಿ ಆ ದುಬೈಯವರೇ. ರೋಬೋಟಿನಿಂದಲೇ ಅವರಿಗೆ ಮಾಲೆ ಹಾಕಿಸಬೇಕೆಂದು ಹೆಡ್ಮಾಸ್ಟರು ಹಟ ಹಿಡಿದರು. ನಮ್ಮಲ್ಲಿ ಸಭೆ ಎಂದ ಮೇಲೆ ಮಾಲೆ, ಶಾಲು, ಹಣ್ಣಿನ ಬುಟ್ಟಿ ಇಲ್ಲದೆ ಯಾರೂ ಮನೆಗೆ ಹೋಗುವಂತಿಲ್ಲ. ಅತಿಥಿಯ ಕೊರಳಿಗೆ ಮುಟ್ಟಲು ಕೈಯನ್ನು ಉದ್ದ ಮಾಡಬೇಕಾಯಿತು. ಆ ಉದ್ದದ ಕೈಯನ್ನು ಎತ್ತಲು ಎರಡು ಮೋಟಾರು ಸಾಲದೆ, ಚಕ್ರದಿಂದ ಎರಡನ್ನು ಬಿಚ್ಚಿ ಅಲ್ಲಿಗೆ ಹಾಕಿದೆವು. ವೇದಿಕೆಯ ಮೇಲೆ ನಮ್ಮ ಗಾಡಿ ಮೆಲ್ಲನೆ ಹೋಗಿ, ಶಂಕರಪುರ ಮಲ್ಲಿಗೆಯ ಮಾಲೆಯನ್ನು ಎತ್ತಿ, ಬಾಗಿದ ಕೊರಳಿಗೆ ಇಳಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅತಿಥಿಗಳು ಮೈಕಿನಲ್ಲೇ, "ಈ ಕೈಯನ್ನು ನೋಡಲು ನಾನು ಮಣಿಪಾಲಕ್ಕೂ ಬರುತ್ತೇನೆ" ಎಂದರು.

ಮಾರನೆಯ ದಿನ ಆ ಎರಡು ಮೋಟಾರನ್ನು ಚಕ್ರಕ್ಕೆ ಮರಳಿಸುತ್ತೇವೆ ಎಂದುಕೊಂಡಿದ್ದೆ. ಟೀಚರ್ ಸ್ಕ್ರೂಡ್ರೈವರನ್ನು ಕೈಯಲ್ಲಿ ತಿರುಗಿಸುತ್ತ ಬಹಳ ಹೊತ್ತು ಗಾಡಿಯ ಎದುರು ಕುಳಿತರು. ಕೊನೆಗೆ ಅದನ್ನು ಚೀಲಕ್ಕೆ ಹಾಕಿಕೊಂಡು, "ಇರ್ಲಿ, ನಾಲ್ಕರಲ್ಲೇ ನೋಡುವ" ಎಂದರು.

ಮಣಿಪಾಲದಲ್ಲಿ ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೇ ಎದುರಿನ ಗಾಡಿ ನಮ್ಮದನ್ನು ಒತ್ತಲು ಹಿಡಿಯಿತು. ನಾನು ಬಿಡದೆ ಎದುರು ಒತ್ತಿದೆ. ಮೋಟಾರುಗಳು ಬಿಸಿಯಾಗಿ, ಚಕ್ರ ಒಮ್ಮೆ ನಡುಗಿ ನಿಂತೇಹೋಯಿತು. ಕೈ ಮಾತ್ರ ಮೇಲೆತ್ತಿಕೊಂಡೇ ಇತ್ತು. "ಯಾರಿಗೆ ಮಾಲೆ ಹಾಕ್ಲಿಕ್ಕುಂಟು ಮಾರಾಯ್ರೆ?" ಎಂದು ಗ್ಯಾಲರಿಯಿಂದ ಯಾರೋ ಕೂಗಿದರು. ಇಡೀ ಸಭಾಂಗಣ ನಕ್ಕಿತು. ಉಳಿದ ಪಂದ್ಯಗಳಲ್ಲೂ ಅದೇ ಕತೆಯಾಯಿತು. ದುಬೈಯವರು ನಡುವೆಯೇ ಎದ್ದು ಹೋದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ವಾಪಸು ಬರುವಾಗ ಶಾಲೆಯ ಹೆಸರು ಕಾಣದಿರಲೆಂದು ನಾವೆಲ್ಲ ಟೀ ಶರ್ಟನ್ನು ಒಳಹೊರಗು ಮಾಡಿ ತೊಟ್ಟುಕೊಂಡೆವು. ಟೀಚರ್ ಬಸ್ಸಿನಲ್ಲಿ ಗಾಡಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಅದೇ ವಾರ ಪೆಟ್ಟಿಗೆ ಬೇರೆ ಶಾಲೆಗೆ ಹೋಯಿತು.

ಆಮೇಲೆ ಅವರಿಗೆ ಬೆಳ್ಮಣ್ ಕಡೆ ವರ್ಗವಾಯಿತು. ನಾನು ಇಂಜಿನಿಯರಿಂಗ್ ಸೇರಿದೆ. ಆ ಪಂದ್ಯದ ಸುದ್ದಿಯನ್ನು ಕಾಲೇಜಿನಲ್ಲಿ ಒಬ್ಬರಿಗೂ ಹೇಳಲಿಲ್ಲ. ಒಂದು ದಿನ ಟೀಚರ್ ಫೋನು ಮಾಡಿ, "ಇಲ್ಲಿಯೂ ಮಕ್ಕಳು ರೋಬೋಟ್ ಮಾಡ್ತಾರೆ, ಒಮ್ಮೆ ಬಾ" ಎಂದು ಕರೆದರು. ಹೋದೆ. ಅವರು ಬೋರ್ಡಿನಲ್ಲಿ ದೊಡ್ಡದಾಗಿ ನಾಲ್ಕು ಎಂದು ಬರೆದು, ಅಡ್ಡಗೆರೆ ಎಳೆದು, ಪಕ್ಕದಲ್ಲಿ ಆರು ಬರೆದರು. ಆಮೇಲೆ ಮಣಿಪಾಲದ ಕತೆಯನ್ನು ಏನೂ ಬಿಡದೆ ಹೇಳಿದರು, ಗ್ಯಾಲರಿಯ ಕೂಗನ್ನೂ ಸೇರಿಸಿ. ನಾನು ಮುಖ ಎತ್ತಲಾರದೆ ಕುಳಿತಿದ್ದೆ.

ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಆರು ಬೇಕು ಅಂತ ನಿಮಗೆ ಗೊತ್ತಿತ್ತಲ್ವಾ ಟೀಚರ್? ಮತ್ತೆ ಎಂತಕ್ಕೆ ಹಾಕ್ಲಿಲ್ಲ?"

"ಅಷ್ಟು ಜನ ಚಪ್ಪಾಳೆ ತಟ್ಟಿದ್ರು ಮಗಾ. ಆ ಕೈಯನ್ನು ಬಿಚ್ಚಲಿಕ್ಕೆ ನನಗೆ ನಾಚಿಕೆ ಆಯ್ತು."

ನಾಲ್ಕೇ ಸಾಕೆಂದು ಮತ್ತೆ ಲೆಕ್ಕ ಹಾಕಿ ಅವರು ತಪ್ಪಿದರೆಂದೇ ನಾನು ಅಷ್ಟು ವರ್ಷ ನಂಬಿದ್ದೆ. ಸಂಜೆ ಟೀಚರ್ ಬಸ್‌ಸ್ಟ್ಯಾಂಡಿನವರೆಗೆ ಬಂದು ನನ್ನನ್ನು ಉಡುಪಿಯ ಬಸ್ಸು ಹತ್ತಿಸಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಕಳೆದ ತಿಂಗಳು ಉದ್ಯಾವರದ ಮನೆಯಲ್ಲಿ ಅವರ ಉತ್ತರಕ್ರಿಯೆ ನಡೆಯಿತು. ಊಟಕ್ಕೆ ಮೊದಲು ನುಡಿನಮನ. ಹೆಡ್ಮಾಸ್ಟರು ಮಾಲೆಯ ಕತೆ ಹೇಳಿದರು. ದುಬೈಯವರೂ ಮಾಲೆಯ ಕತೆ ಹೇಳಿ ಕಣ್ಣೊರೆಸಿಕೊಂಡರು. ಮಣಿಪಾಲದ ಹೆಸರನ್ನು ಯಾರೂ ಎತ್ತಲಿಲ್ಲ. ಅದನ್ನೂ ಬೆಳ್ಮಣ್ಣಿನ ಆ ಅಡ್ಡಗೆರೆಯನ್ನೂ ಹೇಳಬೇಕೆಂದೇ ನಾನು ಬಂದಿದ್ದೆ. ಮೈಕು ನನ್ನ ಕೈಗೆ ಬಂತು. ಎದುರಿಗೆ ಎಲ್ಲರೂ ಒದ್ದೆ ಕಣ್ಣಿನಲ್ಲಿ ತಲೆದೂಗುತ್ತ ಕುಳಿತಿದ್ದರು. ನನಗೆ ನಾಚಿಕೆಯಾಯಿತು. ನಾನೂ ಮಾಲೆಯ ಕತೆಯನ್ನೇ ಹೇಳಿ ಕುಳಿತೆ.