ಹರಳೆಣ್ಣೆಯ ಘಾಟು

ಮೊನ್ನೆ ಹರಳೆಣ್ಣೆಗೆ ಅರಿಶಿನ ಹಾಕಿ ಒಲೆಯ ಮೇಲಿಟ್ಟಿದ್ದೆ. ಚಳಿಗೆ ಅಂಗೈ ಒಡೆದಿತ್ತು. ಎಣ್ಣೆ ಕಾದು ಘಾಟು ಬಂದ ಕೂಡಲೇ ನಮ್ಮ ಸಾಹೇಬರ ಮಗಳ ಕೈ ನೆನಪಾಯಿತು...

ಶಿಡ್ಲಘಟ್ಟದಲ್ಲಿ ಸಾಹೇಬರು ರೇಷ್ಮೆ ನೂಲು ತೆಗೆಸುತ್ತಿದ್ದರು. ಅವರಲ್ಲಿ ನಾನು ಇಪ್ಪತ್ತು ವರ್ಷ ಬಿಸಿನೀರಿಗೆ ಕೈ ಹಾಕಿ ಗೂಡಿನ ಎಳೆ ಹುಡುಕಿದವಳು. ಸಂಜೆಯ ಹೊತ್ತಿಗೆ ಎಲ್ಲ ಹೆಂಗಸರ ಕೈಯೂ ಬೆಂದು ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಮನೆಗೆ ಹೊರಡುವ ಮುಂಚೆ ಈ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆವು. ಸಾಹೇಬರ ಮಗಳು ಸ್ಕೂಲು ಬಿಟ್ಟವಳೇ ಓಡಿ ಬಂದು ನನ್ನ ಪಕ್ಕದ ರಾಟೆ ತಿರುಗಿಸುತ್ತಿದ್ದಳು. ಬೇಡ ಅಂದರೂ ಬಿಡಳು. ಮೈಯೆಲ್ಲ ಹುಳದ ನಾತ ಅಂತ ಅವಳ ಅಮ್ಮಿ ಬಂದು ಕಿವಿ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು.

ಓದು ಮುಗಿಸಿ ಸಮುದ್ರದ ಕಡೆಯ ಒಂದು ಊರಲ್ಲಿ ಆಟ ಕಲಿಸುವ ಟೀಚರ್ ಆದಳು. ಅಲ್ಲೇ ದೋಣಿಯ ಹುಚ್ಚು ಹಿಡಿದದ್ದು. ರಜಕ್ಕೆ ಬಂದವಳು, "ಅಕ್ಕಯ್ಯ, ಒಬ್ಬಳೇ ಹುಟ್ಟು ಹಾಕ್ಕೊಂಡು ಸಮುದ್ರ ದಾಟೋ ಪಂದ್ಯಕ್ಕೆ ಹೋಗ್ತಿದೀನಿ" ಅಂದಳು.

"ನಮ್ಮೂರ ಕೆರೇಲಿ ನೀರು ನಿಂತ್ರೆ ನೋಡೋಕೆ ಜನ ಬಸ್ ಹತ್ಕೊಂಡು ಬರ್ತಾರೆ. ನಿನಗ್ಯಾಕಮ್ಮ ಸಮುದ್ರ?"

"ಬಯ್ಯೋದು ಆಮೇಲೆ ಬಯ್ಯುವಿಯಂತೆ. ಕೈಯಲ್ಲಿ ಬೊಬ್ಬೆ ಬರತ್ತೆ, ಎಣ್ಣೆ ಮಾಡ್ಕೊಡು."

ಎರಡು ಬಾಟಲಿ ಮಾಡಿಕೊಟ್ಟೆ.

ಗೆದ್ದಳು. ಚಿಕ್ಕಬಳ್ಳಾಪುರದಲ್ಲಿ ಹಾರ, ಶಾಲು, ಪೇಪರಿನಲ್ಲಿ ಫೋಟೋ. ಮಾರನೆಯ ದಿನ ಬೆಳಿಗ್ಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಅಂಗೈ ಚಪ್ಪಲಿಯ ಅಟ್ಟೆಯ ಹಾಗಾಗಿತ್ತು. ಕೂರಿಸಿ ಎಣ್ಣೆ ಹಚ್ಚುತ್ತಿದ್ದೆ, ಅಳುವುದಕ್ಕೆ ಶುರು ಮಾಡಿದಳು.

"ನಡು ಸಮುದ್ರದಲ್ಲಿ ಎರಡು ದಿನ ಹುಟ್ಟು ಮುಟ್ಟಲಿಲ್ಲ ಅಕ್ಕಯ್ಯ. ಮಲಗೋಕೆ ಅಂತ ದೋಣೀಲಿ ಒಂದು ಡಬ್ಬ ಇರತ್ತೆ. ಗೂಡೊಳಗಿನ ಹುಳದಂಗೆ ಅದರಲ್ಲಿ ಮುದುಡ್ಕೊಂಡು, ಅಮ್ಮೀ ಅಮ್ಮೀ ಅಂತ ಅತ್ತೆ. ಯಾರಿಗೂ ಹೇಳ್ಬೇಡ."

"ಮತ್ತೆ ಹೆಂಗೆ ಎದ್ದೆ?"

"ಎಣ್ಣೆ ಬಾಟಲಿ ಮುಚ್ಚಳ ತೆಗ್ದೆ. ಆ ಘಾಟಿಗೆ ನೀನೇ ಬೈದಂಗಾಯ್ತು. ಎದ್ದೆ."

ಯಾರಿಗೂ ಹೇಳುವುದಿಲ್ಲ ಅಂದೆ.

ಆಮೇಲೆ ಭಾಷಣಕ್ಕೆ ಕರೆ ಬರತೊಡಗಿತು. ಮಕ್ಕಳಿಗೆ ಧೈರ್ಯ ಹೇಳಿ ಅಂತ ಗೌರಿಬಿದನೂರಿನ ಸ್ಕೂಲಿನವರು ಕರೆದರು, ಚಿಂತಾಮಣಿಯ ಒಂದು ಕಾಲೇಜಿನವರು ಕರೆದರು. ಚಿಂತಾಮಣಿಗೆ ಹೋಗುವಾಗ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದಳು. ಮಾತು ಚೆನ್ನಾಗಿಯೇ ಆಡಿದಳು. ಆದರೆ, "ಭಯ ಅಂದ್ರೆ ಏನು ಅಂತಾನೇ ನನಗೆ ಗೊತ್ತಿಲ್ಲ" ಅಂದಳು. ಹುಡುಗರು ಶಿಳ್ಳೆ ಹೊಡೆದರು.

ಹಿಂದಿನಿಂದ ಒಂದು ಹುಡುಗಿ ಎದ್ದಳು. "ಮೇಡಂ, ನನಗೆ ಎಲ್ಲಾದಕ್ಕೂ ಭಯ. ನಾನು ಏನೂ ಆಗಲ್ವಾ?"

"ಭಯ ಪಡೋರು ದಡದಲ್ಲೇ ಇರ್ತಾರೆ ಕಣಮ್ಮ."

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗಿ ಕೂತಳು. ನಾನು ತಿರುಗಿ ಅವಳ ಮುಖ ನೋಡಿದೆ. ನೋಡಬಾರದಿತ್ತೇನೋ... ನೋಡಿದ ಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಎದ್ದು ನಿಂತು ಕೂಗಿಯೇಬಿಟ್ಟೆ.

"ಎರಡು ದಿನ ಡಬ್ಬದಲ್ಲಿ ಮಲಗಿ ಅಮ್ಮೀ ಅಂತ ಅತ್ತೋಳು ಯಾರಮ್ಮ ಹಂಗಾದ್ರೆ?"

ಸಭೆ ಗೊಳ್ಳೆಂದಿತು. ಅವಳು ನಕ್ಕ ಹಾಗೆ ಮಾಡಿ ಎರಡೇ ಮಾತಿನಲ್ಲಿ ಮುಗಿಸಿದಳು.

ಶಿಡ್ಲಘಟ್ಟದಲ್ಲಿ ನಾನು ಕಾರಿನಿಂದ ಇಳಿಯುವಾಗ, "ನಿನ್ನ ನಂಬಿ ಹೇಳಿದ್ದೆ ಅಕ್ಕಯ್ಯ" ಅಂದಳು. ತಪ್ಪಾಯಿತು ಅನ್ನಬೇಕಿತ್ತು. ಆ ಮಾತು ನನಗೆ ಬರುವುದಿಲ್ಲ. ಬಾಗಿಲು ಹಾಕಿದೆ.

ಅವಳು ಮತ್ತೆ ಬರಲಿಲ್ಲ. ಸಾಹೇಬರು ತೀರಿಕೊಂಡ ಮೇಲೆ ರಾಟೆಗಳೂ ನಿಂತವು, ಅಮ್ಮಿಯನ್ನು ತನ್ನ ಊರಿಗೇ ಕರೆದುಕೊಂಡು ಹೋದಳಂತೆ. ಸ್ಕೂಲು ಬಿಡುವ ಹೊತ್ತಿಗೆ ಈಗಲೂ ಒಂದು ಸಲ ಬೀದಿ ನೋಡುತ್ತೇನೆ. ಅಭ್ಯಾಸ. ನಾನು ಹೇಳಿದ್ದು ನಿಜ. ಅದರಲ್ಲಿ ಅನುಮಾನವಿಲ್ಲ. ಆದರೆ ಅದು ನನ್ನದಲ್ಲ, ಅವಳದು. ಹೇಳುವುದಿದ್ದರೆ ಅವಳೇ ಹೇಳಬೇಕಿತ್ತು...

ಮೊನ್ನೆ ಎಣ್ಣೆ ಕಾಯುತ್ತಿದ್ದಾಗ ಈ ಕಥೆಯನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಫೋನಿನಲ್ಲಿ ಹುಡುಕಿ ಒಂದು ವಿಡಿಯೊ ಹಾಕಿದಳು. ಸಾಹೇಬರ ಮಗಳೇ. ಕೂದಲು ನರೆತಿದೆ. ಯಾವುದೋ ಊರಿನ ಮಕ್ಕಳ ಮುಂದೆ, "ಎರಡು ದಿನ ಹುಟ್ಟು ಮುಟ್ಟಲಿಲ್ಲ, ಅಷ್ಟು ಭಯ ಆಗಿತ್ತು" ಅನ್ನುತ್ತಿದ್ದಳು. ಒಬ್ಬರೂ ನಗಲಿಲ್ಲ. ಎಣ್ಣೆಯ ಮಾತು ಬರುತ್ತದೇನೋ ಅಂತ ಕೊನೆಯವರೆಗೂ ನೋಡಿದೆ. ಬರಲಿಲ್ಲ. ಕೈ ಎತ್ತಿದಾಗ ಅಂಗೈ ಕಂಡಿತು. ಇನ್ನೂ ದೋಣಿ ಬಿಟ್ಟಿಲ್ಲ ಅಂತ ಕಾಣುತ್ತದೆ, ಒಡೆದೇ ಇದೆ.

"ಮೆಸೇಜ್ ಹಾಕ್ಲಾ ಅಜ್ಜಿ? ಏನಂತ ಹಾಕ್ಲಿ?"

"ಕೈ ಒಡೆದೈತೆ, ಬಂದು ಎಣ್ಣೆ ಹಚ್ಚಿಸ್ಕೊಂಡು ಹೋಗು ಅಂತ ಹಾಕು."

"ಸಾರಿ ಅಂತ ಬೇಡ್ವಾ?"

"ಅದೇ ಅದು. ಹಾಕು."

ಹಾಕಿದಳು. ನಾಲ್ಕು ದಿನವಾಯಿತು, ಉತ್ತರವಿಲ್ಲ. ಎಣ್ಣೆ ನನ್ನೊಬ್ಬಳ ಕೈಗೆ ಹೆಚ್ಚಾಯಿತು. ಉಳಿದದ್ದನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಇಟ್ಟಿದ್ದೇನೆ.