ಅಳಿಸಿದ ಕಾರ್ಡಿನಲ್ಲಿ ಅವ್ವನ ದನಿ

ಕಂಪ್ಯೂಟರಿಗೆ ಸುಮ್ಮಸುಮ್ಮನೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಬರೆಯಲು, ಲೆಕ್ಕ ಹಾಕಲು, ಫೋಟೋ ತಿದ್ದಲು, ಹಾಡು ಕತ್ತರಿಸಲು, ಎಲ್ಲದಕ್ಕೂ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದನ್ನು ಬಿಟ್ಟು ಕಳ್ಳ ಕಾಪಿ ಹಾಕಿಸಿಕೊಂಡು, ಅದರ ಜೊತೆ ವೈರಸ್ಸನ್ನೂ ಮನೆಗೆ ಕರೆದುಕೊಂಡು ಬರುವುದು ಯಾವ ಜಾಣತನ? ಹಾಗೆ ನೋಡಿದರೆ ನಾನು ಕನ್ನಡ ಕಲಿಸುವವಳು. ಮುದ್ದೇಬಿಹಾಳ, ಸಿಂದಗಿ ಎಲ್ಲ ಸುತ್ತಿ ಈಗ ಇಂಡಿ ಪಟ್ಟಣದ ಒಂದು ಶಾಲೆಗೆ ಬಂದು ಕೂತಿದ್ದೇನೆ. ಕಂಪ್ಯೂಟರನ್ನು ನನಗೆ ಯಾರೂ ಕಲಿಸಲಿಲ್ಲ, ಕೆಡಿಸಿ ಕೆಡಿಸಿ ಕಲಿತೆ. ಆದ್ದರಿಂದ ಮೂರು ತಾಲೂಕಿನಲ್ಲಿಯೂ ಸ್ಟಾಫ್ ರೂಮಿನ ಕಂಪ್ಯೂಟರ್ ನಿಂತರೆ ನನ್ನನ್ನೇ ಕೂಗುತ್ತಾರೆ.

ಇಂಡಿಗೆ ಬಂದ ಮೇಲೆ ಶನಿವಾರ ಶಾಲೆ ಬಿಟ್ಟ ನಂತರ ಜೊತೆಯ ಶಿಕ್ಷಕರಿಗೆ ಒಂದೊಂದು ಉಪಾಯ ಹೇಳಿಕೊಡುವ ರೂಢಿ ಮಾಡಿಕೊಂಡೆ. ತಪ್ಪಾದರೆ ಕಂಟ್ರೋಲ್ ಹಿಡಿದು ಜೆಡ್ ಒತ್ತುವುದು, ಕನ್ನಡದಲ್ಲಿ ಟೈಪ್ ಮಾಡಲು ಪುಕ್ಕಟೆ ಕೀಲಿಮಣೆ ಹಾಕಿಕೊಳ್ಳುವುದು, ಇಂಥವೇ. ಹೇಳಿದ್ದನ್ನು ಮರುವಾರಕ್ಕೆ ಮರೆತು ಬರುತ್ತಿದ್ದರು. ನಾನೂ ಬೈಯುತ್ತಿದ್ದೆ, ಅವರೂ ನಗುತ್ತಿದ್ದರು. ಆ ವರ್ಷ ಶ್ರಾವಣ ಹತ್ತಿರ ಬಂದಾಗ ಅಳಿಸಿಹೋದ ಫೈಲುಗಳನ್ನು ಮರಳಿ ಪಡೆಯುವುದು ಹೇಗೆ ಎಂದು ಹೇಳುತ್ತಿದ್ದೆ.

“ಮನಿ ಮ್ಯಾಲಿನ ನಂಬರ್ ಅಳಿಸಿದ್ರ ಮನಿ ಬೀಳ್ತೈತೇನು?” ಅಂದೆ. “ಪೋಸ್ಟಿನಂವಗ ಗುರ್ತ ಸಿಗಂಗಿಲ್ಲ, ಅಷ್ಟ. ಒಳಗಿನ ಮಂದಿ ಒಳಗ ಇರ್ತಾರ. ಆ ಜಾಗಾಕ್ಕ ಬ್ಯಾರೆದವರು ಬಂದು ಮನಿ ಕಟ್ಟೂತನಕ ಅವರು ಅಲ್ಲೇ.”

ಎಲ್ಲರೂ ಎದ್ದು ಹೋದರು. ಗಣಿತದ ಟೀಚರ್ ಮಾತ್ರ ಎದ್ದೇಳಲಿಲ್ಲ. ಹೊರ್ತಿಯ ಗಂಡನ ಮನೆಯಿಂದ ದಿನಾ ಬಸ್ಸಿಗೆ ಬಂದು ಹೋಗುವ ಹುಡುಗಿ, ನನಗಿಂತ ಬಹಳ ಚಿಕ್ಕವಳು. ಅವಳ ತಾಯಿ ಆ ಬೇಸಿಗೆಯಲ್ಲಿ ನೀರಿಗೆ ಬಿದ್ದು ತೀರಿಕೊಂಡದ್ದು ನಮಗೆಲ್ಲ ಗೊತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಯಾರೂ ಕೇಳಿರಲಿಲ್ಲ.

“ಅಕ್ಕೋರ,” ಅಂದಳು, “ಫಾರ್ಮ್ಯಾಟ್ ಮಾಡಿದ ಕಾರ್ಡನ್ಯಾಗಿಂದೂ ಬರತೈತೇನ್ರಿ? ನಮ್ಮ ಅವ್ವನ ದನಿ ಐತ್ರಿ ಅದರಾಗ.”

ಅವಳು ‘ಇತ್ತು’ ಅನ್ನಲಿಲ್ಲ, ‘ಐತಿ’ ಅಂದಳು.

ಅವಳ ತವರು ಬಸವನ ಬಾಗೇವಾಡಿ ತಾಲೂಕಿನಲ್ಲಿ, ಮುಳವಾಡದಿಂದ ಮುಂದೆ. ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಯಿತು, ಈಗ ಇರುವುದು ಪುನರ್ವಸತಿಯ ಹೊಸ ಊರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ಹಳೆಯ ಊರಿನ ಗೋಡೆ, ಒರಳುಕಲ್ಲು, ಬಾವಿಯ ದಂಡೆ ಎಲ್ಲ ಕಾಣುತ್ತವೆ. ಹಳಬರು ಹೋಗಿ ತಮ್ಮ ಮನೆ ಇದ್ದ ಜಾಗದಲ್ಲಿ ನಿಂತು ಬರುತ್ತಾರೆ. ಅವಳ ಅವ್ವನೂ ಹಾಗೆಯೇ ಹೋದಳು. ಮರುದಿನ ಬಾವಿಯ ಹತ್ತಿರದ ಕೆಸರಿನಲ್ಲಿ ಸಿಕ್ಕಳು. ಕಾಲು ಜಾರಿತು ಅಂದವರು ಕೆಲವರು, ತಾನಾಗಿಯೇ ಇಳಿದಳು ಅಂದವರು ಹಲವರು.

ಅಂದು ಮುಂಜಾನೆ ಅವ್ವ ಮಗಳಿಗೆ ಫೋನು ಹಚ್ಚಿದ್ದಳು. ಇವಳು ತುಂಬಿದ ಬಸ್ಸಿನಲ್ಲಿ ಒಂದೇ ಕೈಯಲ್ಲಿ ಕಂಬಿ ಹಿಡಿದು ಜೋತುಬಿದ್ದಿದ್ದಳು. “ಎಷ್ಟ್ ಸಲ ಹಚ್ಚತಿ ಫೋನು? ನಿನಗ ಬ್ಯಾರೆ ಕೆಲಸ ಇಲ್ಲೇನು?” ಎಂದು ರೇಗಿದಳು. ಅವ್ವ ಹಳೆಯ ಊರಿಗೆ ಹೋಗುವ ಮಾತು ಏನೋ ಆಡಿದಳು. ಬಸ್ಸಿನ ಗದ್ದಲದಲ್ಲಿ ‘ಹೋಗಿ’ ಎಂಬಷ್ಟೇ ಕೇಳಿಸಿತು, ಕೊನೆಯ ಮಾತು ಕೇಳಿಸಲಿಲ್ಲ. ಹೆಣದ ಮುಂದೆ ಎದೆ ಬಡಿದುಕೊಂಡು ಅಳುವಾಗ ಇವಳೇ ‘ನಾನ ಬೈದ್ನೆವ್ವಾ ನಿನಗ’ ಎಂದು ಬಿಟ್ಟಳು. ಅಣ್ಣ ಅದನ್ನೇ ಹಿಡಿದುಕೊಂಡ. ನಿನ್ನ ಮಾತಿಗೆ ಮನಸ್ಸು ಮುರಿದು ಅವ್ವ ನೀರಿಗೆ ಬಿದ್ದಳು, ಇನ್ನು ಈ ಹೊಸ್ತಿಲು ತುಳಿಯಬೇಡ ಅಂದ. ನಾಗರ ಪಂಚಮಿ ಹತ್ತಿರ ಬಂದಿತ್ತು. ಓಣಿಯ ಹೆಣ್ಣುಮಕ್ಕಳನ್ನೆಲ್ಲ ಅಣ್ಣತಮ್ಮಂದಿರು ಕರೆಯಲು ಬರುತ್ತಿದ್ದರು, ಇವಳನ್ನು ಕರೆಯಲು ಯಾರೂ ಬರುವಂತಿರಲಿಲ್ಲ.

“ಅವ್ವ ‘ಹೋಗಿ ಬರ್ತೇನಿ’ ಅಂದಾಳೋ, ‘ಹೋಗಿಬಿಡ್ತೇನಿ’ ಅಂದಾಳೋ, ಅಷ್ಟ ಗೊತ್ತಾಗಬೇಕ್ರಿ ನನಗ,” ಅಂದಳು.

ಓದುವವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ನಮ್ಮ ಕಡೆ ಹೊಸ್ತಿಲು ದಾಟುವಾಗ ಬರಿ ‘ಹೋಗ್ತೇನಿ’ ಅಂದ ಮಕ್ಕಳಿಗೆ ಬೆನ್ನ ಮೇಲೆ ಒಂದು ಗುದ್ದು ಬೀಳುತ್ತದೆ. ಅಂಗಡಿಗೆ ಹೋದರೂ ‘ಹೋಗಿ ಬರ್ತೇನಿ’ ಅನ್ನಬೇಕು. ಅಂದವರು ಬರುತ್ತಾರೆ ಎಂದು ನಂಬಿಕೆ. ‘ಹೋಗಿಬಿಡ್ತೇನಿ’ ಎನ್ನುವ ಮಾತು ಬಾಯಿಗೆ ಬರುವುದು ಜೀವ ಬೇಸತ್ತಾಗ ಮಾತ್ರ.

ಅವಳ ಫೋನು ಎಲ್ಲ ಕರೆಗಳನ್ನೂ ತಾನಾಗಿಯೇ ರೆಕಾರ್ಡ್ ಮಾಡಿ ಮೆಮೊರಿ ಕಾರ್ಡಿಗೆ ಹಾಕುತ್ತಿತ್ತು. ಅವ್ವ ಸತ್ತ ಮೇಲೆ ಕೇಳುವ ಧೈರ್ಯವಾಗದೆ ಅವಳು ಹಾಗೆಯೇ ಬಿಟ್ಟಿದ್ದಳು. ಒಂದು ದಿನ ಫೋನು, ಕಾರ್ಡ್ ಸರಿಯಿಲ್ಲ, ಫಾರ್ಮ್ಯಾಟ್ ಮಾಡಬೇಕೆ ಎಂದು ಕೇಳಿತು. ಸರಿ ಮಾಡಲೇ ಎಂದು ಕೇಳುತ್ತಿದೆ ಅಂದುಕೊಂಡು ಹೌದು ಎಂದು ಒತ್ತಿದಳು. ಆಮೇಲೂ ಅದೇ ಕಾರ್ಡನ್ನು ಫೋನಿನಲ್ಲಿಟ್ಟು ಬಳಸಿದಳು. ನನಗೆ ಸಿಟ್ಟು ಬಂತು. ಅಳಿಸಿದ ಮೇಲೆ ಕಾರ್ಡನ್ನು ಮೊದಲು ಹೊರಗೆ ತೆಗೆದಿಡಬೇಕು, ಹೊಸದು ಬಂದು ಹಳೆಯದರ ಮೇಲೆ ಕೂತರೆ ಮುಗಿಯಿತು. ಬೈಯಬೇಕೆಂದು ಬಾಯಿ ತೆರೆದವಳು ಅವಳ ಮುಖ ನೋಡಿ, ನಾಳೆ ಕಾರ್ಡ್ ತಗೊಂಡು ಮನೆಗೆ ಬಾ ಅಂದೆ.

ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಮೋಡ ಕವಿದಿತ್ತು, ಮಳೆ ಇಲ್ಲ, ಬರಿಯ ಗಾಳಿ. ಮೊದಲು ಇಡೀ ಕಾರ್ಡಿನ ನಕಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಏನು ಮಾಡುವುದಿದ್ದರೂ ನಕಲಿನ ಮೇಲೆಯೇ ಮಾಡಬೇಕು, ಮೂಲವನ್ನು ಮುಟ್ಟಬಾರದು. ಆಮೇಲೆ ಪುಕ್ಕಟೆಯ ರಿಕವರಿ ಸಾಫ್ಟ್‌ವೇರನ್ನು ಓಡಿಸಿದೆ. ಕಪ್ಪು ಪರದೆಯ ಮೇಲೆ ಸಿಕ್ಕ ಫೈಲುಗಳ ಎಣಿಕೆ ಏರತೊಡಗಿತು. ಹಾಗೆ ಸಿಕ್ಕ ಫೈಲುಗಳಿಗೆ ಹೆಸರು ಇರುವುದಿಲ್ಲ, ತಾರೀಖೂ ಇರುವುದಿಲ್ಲ, ಬರಿ ಅಂಕಿ. ಯಾವುದು ಯಾರದೆಂದು ತಿಳಿಯಬೇಕಾದರೆ ಒಂದೊಂದನ್ನೇ ತೆರೆದು ಕೇಳಬೇಕು.

ಒಂದನ್ನು ತೆರೆದೆ. “ಉಂಡೇನವ್ವಾ? ಏನ್ ಮಾಡಿದ್ದಿ ಇವತ್ತ?” ಎಂದು ಮುದುಕಿಯ ತೆಳ್ಳನೆಯ ದನಿ ಕೇಳಿತು. ಹುಡುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉತ್ತರ ಮಗಳದೇ ದನಿಯಲ್ಲಿ ಕೂಡಲೇ ಬಂತು: “ಏನೂ ಸೇರಂಗಿಲ್ಲ. ಅವ್ವ ಹೋಗಿ ಇನ್ನಾ ತಿಂಗಳ ಸೈತ ಆಗಿಲ್ಲ.” ಅದಕ್ಕೆ ಮುದುಕಿ ಸಣ್ಣಗೆ ನಕ್ಕು, “ಆತ್ ಬಿಡು, ತುಸು ಮಲಕೋ ಹಂಗಾರ,” ಅಂದಳು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಾಳಿಗೆ ಹಿತ್ತಿಲ ಬಾಗಿಲು ಬಡಿಯಿತು. ನಾನು ಎದ್ದು ಹೋಗಿ ಅಗಳಿ ಹಾಕಿ ಬಂದೆ. ಬಂದವಳು ಮೇಷ್ಟರಿಕೆಯ ದನಿ ತಂದುಕೊಂಡು ವಿವರಿಸಿದೆ. ಕಾರ್ಡಿನಲ್ಲಿ ಒಂದು ಕರೆ ಒಂದೇ ಕಡೆ ಇರುವುದಿಲ್ಲ, ತುಂಡು ತುಂಡಾಗಿ ಇರುತ್ತದೆ. ಹೊಸ ಕರೆಯ ತುಂಡು ಹಳೆಯದರ ನಡುವೆ ಬಂದು ಕೂತಿದೆ. ಸಾಫ್ಟ್‌ವೇರಿಗೆ ಜೀವ ಇದ್ದವರು, ಇಲ್ಲದವರು ಎಂಬ ಭೇದ ತಿಳಿಯದು. ಪಕ್ಕಪಕ್ಕ ಸಿಕ್ಕಿದ್ದನ್ನು ಹಳೆಯ ಬಟ್ಟೆಯ ಕೌದಿಯ ಹಾಗೆ ಜೋಡಿಸಿ ಕೊಟ್ಟಿದೆ. ಇದೆಲ್ಲ ನಿಜವೇ. ಆದರೂ ಹೆದರಿದ್ದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹಾಗೆಯೇ ಒಂದೊಂದನ್ನೇ ತೆರೆಯುತ್ತ ಹೋದೆವು. ಕೆಲವು ಫೈಲುಗಳಲ್ಲಿ ಬರಿ ಉಸಿರು. ಕೆಲವುಗಳಲ್ಲಿ ಮುದುಕಿ ಮಗಳ ಹೆಸರು ಹಿಡಿದು ಕರೆಯುತ್ತಿದ್ದಳು, ಕರೆದಲ್ಲಿಯೇ ನಿಂತುಹೋಗುತ್ತಿತ್ತು. ಚಹಾ ಮಾಡಿ ತಂದೆ, ಇಬ್ಬರೂ ಕುಡಿಯಲಿಲ್ಲ. ಹೊತ್ತು ಇಳಿಯುವ ಮೊದಲು ಬಸ್ಸಿನ ಸದ್ದಿರುವ ಫೈಲು ಸಿಕ್ಕಿತು. ಮಗಳು ರೇಗಿದ್ದು ಸ್ವಚ್ಛವಾಗಿ ಕೇಳಿಸಿತು. ಅವಳು ಕಣ್ಣು ಮುಚ್ಚಿದಳು.

ಆಮೇಲೆ ಅವ್ವನ ದನಿ ಬಂತು: “ಆತ್ ಬಿಡವ್ವಾ. ನೀರ ಇಳದಾವಂತ, ನಮ್ಮ ಮನಿ ಕಾಣಸ್ತೈತಂತ. ನಾ ಹಳೀ ಊರಿಗೆ ಹೋಗಿ ಬ… ಬರ್ತೇನಿ.”

ಹುಡುಗಿ ನನ್ನ ಮುಂಗೈಯನ್ನು ಎಷ್ಟು ಗಟ್ಟಿ ಹಿಡಿದಳೆಂದರೆ ಬಳೆ ಚುಚ್ಚಿತು. ಫೈಲನ್ನು ಅಲ್ಲಿಗೇ ನಿಲ್ಲಿಸಿದೆ. “ಬರ್ತೇನಿ ಅಂದ್ಲರೀ ಅಕ್ಕೋರ! ಬರ್ತೇನಿ ಅಂದ್ಲು ನಮ್ಮವ್ವ!” ಎಂದು ಅಳುತ್ತ ನಗುತ್ತ ಕೂತಳು. ನಾನು ನಗಲಿಲ್ಲ. ಆ ಕೊನೆಯ ‘ಬರ್ತೇನಿ’ಯಲ್ಲಿ ಬಸ್ಸಿನ ಸದ್ದು ಇರಲಿಲ್ಲ. ದನಿಯೂ ಇದ್ದಕ್ಕಿದ್ದಂತೆ ಹತ್ತಿರ ಬಂದಿತ್ತು. ಮುದುಕಿ ಫೋನಿನಿಂದ ಎದ್ದು ಬಂದು ನಮ್ಮ ಬೆನ್ನ ಹಿಂದೆ ನಿಂತು ಆಡಿದಷ್ಟು ಹತ್ತಿರ.

ಅದು ಯಾರ ದನಿ ಎಂದು ನನಗೆ ಗೊತ್ತಾಗಿತ್ತು. ದಿನಾ ಸ್ಟಾಫ್ ರೂಮಿನಲ್ಲಿ ಕೇಳುವ ದನಿ. ತಾಯಿಮಕ್ಕಳ ದನಿ ಒಂದೇ ಥರ ಇರುವುದುಂಟು, ಮೇಲಾಗಿ ತನ್ನ ದನಿ ತನಗೇ ಗುರುತು ಹತ್ತುವುದಿಲ್ಲ. ಅಲ್ಲಿಗೇ ಕತ್ತರಿಸಿ ಕೊಟ್ಟುಬಿಡಲೇ ಅನ್ನಿಸಿತು. ಅದಕ್ಕೂ ಪುಕ್ಕಟೆ ಸಾಫ್ಟ್‌ವೇರ್ ಇತ್ತು, ಒಂದು ಗಳಿಗೆಯ ಕೆಲಸ. ಈ ಹುಡುಗಿಗೆ ತವರು ಸಿಗುತ್ತಿತ್ತು. ನಾನು ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಅವಳು ಕೈಚಾಚಿ ಮತ್ತೆ ಓಡಿಸಿದಳು. ಈ ಸಲ ಫೈಲು ನಿಲ್ಲಲಿಲ್ಲ. “…ಬರ್ತೇನಿ, ತಡೀರಿ. ಸಾಲಿ ಬಿಡೂದು ತಡಾ ಆತು. ನೀವು ಉಂಡಬಿಡ್ರಿ,” ಎಂದು ಮುಂದುವರಿಯಿತು.

ಅವಳು ಗಂಡನಿಗೆ ಆಡಿದ ಮಾತು ಅದು. ಅವಳ ಕೈ ತನ್ನ ಗಂಟಲಿಗೆ ಹೋಯಿತು. “ಇದು ನಂದರಿ,” ಅಂದಳು. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿ, “ಅವ್ವ ಅಂದಷ್ಟ ಕೊಡ್ರಿ ಅಕ್ಕೋರ. ನಂದು ಬ್ಯಾಡ್ರಿ,” ಅಂದಳು.

ಅವಳು ಹೋದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕತ್ತರಿಸಲು ಕೂತೆ. ಧ್ವನಿಯ ಗೆರೆಯನ್ನು ಹಿಗ್ಗಿಸಿ ನೋಡಿದರೆ ಹೊಲಿಗೆ ಬಿದ್ದ ಜಾಗ ಸ್ಪಷ್ಟವಾಗಿ ಕಾಣುತ್ತಿತ್ತು. ಮುದುಕಿಯ ಕೊನೆಯ ತುಂಡನ್ನು ನಿಧಾನವಾಗಿ ಓಡಿಸಿ ಎಷ್ಟೋ ಸಲ ಕೇಳಿದೆ. ‘ಹೋಗಿ’ ಆಗಿ, ತುಟಿ ಕೂಡಿ, ಇನ್ನೊಂದು ಅಕ್ಷರ ಮೂಡುವಷ್ಟರಲ್ಲಿ ಮುಗಿಯುತ್ತದೆ. ‘ಬ’ ಎಂದು ತುಟಿ ಬಿಡುವಲ್ಲಿಗೆ ಕತ್ತರಿಸಿದೆ.

ಪಂಚಮಿಯ ಹಿಂದಿನ ವಾರ, ತವರಿಗೆ ಒಬ್ಬಳೇ ಹೋಗಲು ಹೆದರಿಕೆ ಅಂದಳು. ನಾನೂ ಜೊತೆಗೆ ಹೊರಟೆ. ಹಿನ್ನೀರು ತುಂಬಿ ದಂಡೆಯ ಜಾಲಿಗಿಡಗಳು ಅರ್ಧ ಮುಳುಗಿದ್ದವು. ಬಾವಿ, ಗೋಡೆ, ಮುದುಕಿ ಸಿಕ್ಕ ಜಾಗ, ಯಾವುದೂ ಕಾಣುತ್ತಿರಲಿಲ್ಲ. ಅಣ್ಣ ಬಾಗಿಲಲ್ಲಿ ನಿಂತ, ಒಳಗೆ ಬನ್ನಿ ಅನ್ನಲಿಲ್ಲ. ನಾವು ಕಟ್ಟೆಯ ಮೇಲೆ ಕೂತು ಫೋನನ್ನು ನಡುವೆ ಇಟ್ಟೆವು.

“ಕಡೀ ಮಾತು ಹರದೈತಿ ಅಣ್ಣಾ,” ಎಂದು ಹುಡುಗಿ ಮೊದಲೇ ಹೇಳಿದಳು. “ಇದ್ದಷ್ಟ ಕೇಳು.”

ಬಸ್ಸಿನ ಸದ್ದು, ಅವಳ ಬೈಗುಳ, ಆಮೇಲೆ ಅವ್ವ. ಸತ್ತವಳ ದನಿ ಅವಳದೇ ಕಟ್ಟೆಯ ಮೇಲೆ ಕೇಳುತ್ತಲೇ ಆ ಗಂಡಸು ಚೌಕಟ್ಟು ಹಿಡಿದುಕೊಂಡ. “ನಾ ಹಳೀ ಊರಿಗೆ ಹೋಗಿ ಬ…”

“…ಬರ್ತೇನಿ,” ಎಂದು ಅವನ ಬಾಯಿಂದ ತಾನಾಗಿಯೇ ಬಂತು. ಅದೇ ಗಳಿಗೆಗೆ ಅಡುಗೆಮನೆಯ ಕತ್ತಲೆಯಿಂದ ಅವನ ಹೆಂಡತಿಯ ದನಿಯೂ “ಬರ್ತೇನಿ” ಅಂದಿತು. ಇಬ್ಬರಿಗೂ ತಾವು ಅಂದದ್ದು ಗೊತ್ತಿರಲಿಲ್ಲ. ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತ. ಅತ್ತು ಮುಗಿದ ಮೇಲೆ ತಂಗಿಯ ಕೈ ಹಿಡಿದು, “ಒಳಗ ಬಾರವ್ವಾ,” ಅಂದ.

ಹೊಸ್ತಿಲ ಮೇಲೆ ನಿಂತು ಅವನು ನನ್ನ ಕಡೆ ತಿರುಗಿದ. “ಅಕ್ಕೋರ, ನೀವು ಕನ್ನಡ ಕಲಸವ್ರು. ಅವ್ವ ಬರ್ತೇನಿ ಅನ್ನಾಕ ಹೊಂಟಿದ್ಲು, ಹೌದಲ್ರಿ?”

ಹುಡುಗಿಯೂ ನನ್ನನ್ನೇ ನೋಡುತ್ತಿದ್ದಳು.

“ಹೌದ್ರಿ,” ಅಂದೆ. ಕತ್ತರಿಸುವ ಮೊದಲು ಇಯರ್‌ಫೋನಿನಲ್ಲಿ ನಾನು ಕೇಳಿದ ಆ ಕೊನೆಯ ಅಕ್ಷರ ‘ಬಿ’.